ಚೌಕದೊಳಗಿನ ಚೌಕ: ಒಂದೇ ಚಿತ್ರದ ಎರಡು ಮುದ್ರಿತ ಪ್ರತಿಗಳು

ಜರ್ಮನ್ ಮೂಲದ ಅಮೆರಿಕನ್ ಚಿತ್ರಕಾರ ಜೋಸೆಫ್ ಆಲ್ಬರ್ಸ್ ಅವರ 'ಹೋಮೇಜ್ ಟು ದಿ ಸ್ಕ್ವೇರ್' (ಚೌಕಕ್ಕೆ ಗೌರವ) ಸರಣಿಯ ಹಳದಿ ಚಿತ್ರವೊಂದನ್ನು ಕಲಾಕೃತಿಗಳ ಮುದ್ರಿತ ಪ್ರತಿ ಮಾರುವ ಅಂತರ್ಜಾಲ ಮಳಿಗೆಯೊಂದರಿಂದ ತರಿಸಿಕೊಂಡೆ. ಮೊದಲು ಬಂದದ್ದು ಹೊಳಪು ಕಾಗದದ ಪ್ರತಿ. ಅದು ಮನಸ್ಸಿಗೆ ಒಪ್ಪದೆ, ಅದೇ ಚಿತ್ರವನ್ನು ಮ್ಯಾಟ್, ಅಂದರೆ ಹೊಳಪಿಲ್ಲದ, ಕಾಗದದ ಮೇಲೆ ಮತ್ತೊಮ್ಮೆ ತರಿಸಿ, ಎರಡನ್ನೂ ಒಂದೇ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿಟ್ಟು ಎರಡು ತಿಂಗಳು ನೋಡಿದ್ದೇನೆ.

ಮುಖಚಿತ್ರದಲ್ಲೋ ಭೂದೃಶ್ಯದಲ್ಲೋ ಬಣ್ಣ ತುಸು ಆಚೀಚೆಯಾದರೂ ಮುಖವು ಮುಖವಾಗಿ, ಮರವು ಮರವಾಗಿ ಉಳಿಯುತ್ತದೆ. ಇಲ್ಲಿ ಒಂದರೊಳಗೊಂದು ಕೂತ ಮೂರೋ ನಾಲ್ಕೋ ಚೌಕಗಳ ಹೊರತು ಬೇರೇನೂ ಇಲ್ಲ. 1950ರಲ್ಲಿ ಶುರುಮಾಡಿ 1976ರಲ್ಲಿ ತೀರಿಕೊಳ್ಳುವವರೆಗೂ ಆಲ್ಬರ್ಸ್ ಇದೇ ವಿನ್ಯಾಸದಲ್ಲಿ ಸಾವಿರಕ್ಕೂ ಮಿಕ್ಕಿ ಚಿತ್ರಗಳನ್ನು ಬರೆದರು. ಒಳಚೌಕಗಳು ನಟ್ಟನಡುವೆ ನಿಲ್ಲದೆ ಕೆಳಕ್ಕಿಳಿದಿರುತ್ತವೆ: ಕೆಳಗಿನ ಪಟ್ಟಿ ಒಂದು ಪಾಲಾದರೆ ಪಕ್ಕದ್ದು ಎರಡು ಪಾಲು, ಮೇಲಿನದು ಮೂರು. ಈ ಅಳತೆಯೂ ನೆರೆಬಣ್ಣಗಳ ಒತ್ತಡವೂ ಸೇರಿ, ಸಪಾಟಾದ ಹಲಗೆಯ ಮೇಲೆ ಒಂದು ಚೌಕ ಮುಂದೆ ಬಂದಂತೆ, ಇನ್ನೊಂದು ಹಿಂದೆ ಸರಿದಂತೆ ಕಾಣುತ್ತದೆ. ಆದ್ದರಿಂದ ಪ್ರತಿಯಲ್ಲಿ ಉಳಿಯಬೇಕಾದದ್ದು ಈ ಅಳತೆ ಮತ್ತು ಬಣ್ಣಬಣ್ಣಗಳ ನಡುವಣ ಅಂತರ.

ಹೊಳಪು ಪ್ರತಿ ಈ ಎರಡರಲ್ಲೂ ಸೋತಿದೆ. ಹಳದಿಗಳು ಪರಸ್ಪರ ದೂರ ಸರಿದು ಅಂಚುಗಳು ಕತ್ತರಿಸಿಟ್ಟಂತೆ ಗಡುಸಾಗಿವೆ. ಕಿಟಕಿಯ ಪ್ರತಿಬಿಂಬ ಬಿದ್ದಾಗಲಂತೂ ಒಳಚೌಕವೇ ಕಾಣದು. ಅದಕ್ಕಿಂತ ನೋವಾದದ್ದು, ಚೌಕಟ್ಟಿನ ಸಿದ್ಧ ಅಳತೆಗೆ ಹೊಂದಿಸಲೆಂದು ಕೆಳಗಿನ ಪಟ್ಟಿಯ ಅರ್ಧದಷ್ಟನ್ನು ಕತ್ತರಿಸಿರುವುದು. ಅಳತೆಪಟ್ಟಿ ಇಟ್ಟು ನೋಡಿದಾಗ ಒಂದು-ಎರಡು-ಮೂರರ ಲೆಕ್ಕ ಸಂಪೂರ್ಣ ಕೆಟ್ಟಿತ್ತು. ದೂರು ಕೊಟ್ಟರೆ, ಎಲ್ಲ ಚಿತ್ರಗಳಿಗೂ ಹೀಗೆಯೇ ಮಾಡುತ್ತೇವೆ ಎಂಬ ಉತ್ತರ ಬಂತು. ಈ ಚಿತ್ರದ ಅಂಚೂ ಚಿತ್ರವೇ ಎಂಬುದು ಅವರಿಗೆ ತಿಳಿದಿರಬೇಕಿತ್ತು.

ಮ್ಯಾಟ್ ಪ್ರತಿಯ ಮಾತು ಬೇರೆ. ಸುತ್ತ ಬಿಳಿ ಅಂಚು ಬಿಟ್ಟು ಮುದ್ರಿಸಿರುವುದರಿಂದ ಏನೂ ಕತ್ತರಿಸಿ ಹೋಗಿಲ್ಲ. ಬೆಳಗಿನ ಬೆಳಕಿನಲ್ಲಿ ಒಳಗಿನ ಚೌಕ ಮುಂದಕ್ಕೆ ಬಂದು ನಿಲ್ಲುತ್ತದೆ. ಸಂಜೆ ಬೆಳಕು ಕುಂದಿದಂತೆ ನಡುವಿನ ಎರಡು ಹಳದಿಗಳ ಗಡಿ ಕರಗಿ, ಅಲ್ಲಿ ಗೆರೆ ಇದೆಯೋ ಇಲ್ಲವೋ ಎಂದು ಕಣ್ಣು ಅನುಮಾನಿಸುತ್ತದೆ. ಆ ಅನುಮಾನಕ್ಕಾಗಿಯೇ ನಾನು ಈ ಚಿತ್ರವನ್ನು ಬಯಸಿದ್ದು.

ಆದರೂ ಯಾವ ಕಾಗದಕ್ಕೂ ದಕ್ಕದ ಒಂದು ಗುಣ ಮೂಲದಲ್ಲಿದೆ. ಆಲ್ಬರ್ಸ್ ಆರಿಸಿಕೊಂಡದ್ದು ಕಟ್ಟಡ ಕೆಲಸಕ್ಕೆ ಬಳಸುವ ಮೇಸೊನೈಟ್ ಎಂಬ ಹಾರ್ಡ್‌ಬೋರ್ಡ್. ಅದರ ಒರಟು ಮೈಗೆ ಬಿಳಿ ಬಳಿದು, ಬಣ್ಣವನ್ನು ಹೆಚ್ಚಾಗಿ ಟ್ಯೂಬಿನಿಂದ ನೇರವಾಗಿ ತೆಗೆದು ಚಾಕುವಿನಿಂದ ಸವರುತ್ತಿದ್ದರು. ಯಾವ ತಯಾರಕರ ಯಾವ ಬಣ್ಣ ಎಂಬುದನ್ನು ಹಲಗೆಯ ಹಿಂಬದಿಯಲ್ಲಿ ಬರೆದಿಡುತ್ತಿದ್ದರು. ಹಲಗೆಯ ತರಿ ಬಣ್ಣದ ಅಡಿಯಿಂದ ಇಣುಕುವುದರಿಂದ ಅಷ್ಟು ಕಟ್ಟುನಿಟ್ಟಾದ ಚೌಕಗಳಿಗೂ ಕೈಕೆಲಸದ ಬಿಸುಪು ಬರುತ್ತದೆ. ನನ್ನ ಪ್ರತಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಾಣುವುದು ಶಾಯಿಯ ಚುಕ್ಕಿಗಳು ಮಾತ್ರ. ಆಲ್ಬರ್ಸ್ ತಾವೇ ಸ್ಕ್ರೀನ್‌ಪ್ರಿಂಟ್‌ಗಳನ್ನೂ ಮಾಡಿಸಿದ್ದರು. ಒಂದೊಂದು ಬಣ್ಣವನ್ನೂ ಬೇರೆಯಾಗಿ ಒತ್ತುವ ಆ ವಿಧಾನ ಈ ಚಿತ್ರಗಳಿಗೆ ಹೆಚ್ಚು ಹೊಂದುತ್ತದೆ.

ಕಾಗದವನ್ನು ರಟ್ಟಿನ ಕೊಳವೆಯಲ್ಲಿ ಜೋಪಾನವಾಗಿ ಕಳಿಸಿದ್ದರು. ಮಳಿಗೆಯವರು ಶಿಫಾರಸು ಮಾಡುವ ದಪ್ಪ ಕಪ್ಪು ಚೌಕಟ್ಟು ಬೇಡ, ಅದು ಇನ್ನೊಂದು ಚೌಕವಾಗಿ ಚಿತ್ರದೊಳಕ್ಕೆ ನುಗ್ಗುತ್ತದೆ. ಮ್ಯಾಟ್ ಪ್ರತಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಹೊಳಪಿನದಕ್ಕೆ ಒಂದು. ತರಿಸುವವರು ಬಿಳಿ ಅಂಚು ಬಿಟ್ಟು ಮುದ್ರಿಸುವಂತೆ ಮೊದಲೇ ಬರೆದು ತಿಳಿಸಬೇಕು.