ಯೂಬ್ಲಾಕ್ ಒರಿಜಿನ್, ಬಿಟ್‌ವಾರ್ಡನ್: ವರ್ಷಗಟ್ಟಲೆ ಬಳಸಿದ ಮೇಲೆ ಹೇಳುವ ಮಾತು

ಕೆಟ್ಟ ಸೈಟ್‌ಗಳಿಂದ ದೂರ ಇರಲು ಬ್ರೌಸರ್‌ಗೆ ಯಾವ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಬೇಕು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಚಿಕ್ಕದು. ಒಂದು ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್, ಇನ್ನೊಂದು ಪಾಸ್‌ವರ್ಡ್ ಇಟ್ಟುಕೊಳ್ಳುವ ಬಿಟ್‌ವಾರ್ಡನ್. ಎರಡೂ ಓಪನ್ ಸೋರ್ಸ್, ಅಂದರೆ ಅವುಗಳ ಕೋಡ್ ಅನ್ನು ಯಾರು ಬೇಕಾದರೂ ಓದಬಹುದು. ಎರಡನ್ನೂ ದುಡ್ಡು ಕೊಡದೆ ಬಳಸಬಹುದು. ನಾನು ಫೈರ್‌ಫಾಕ್ಸ್‌ನಲ್ಲಿ ಇವನ್ನು ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ. ಈ ನಡುವೆ ಬೇರೆ ಹಲವನ್ನು ಹಾಕಿದ್ದೇನೆ, ತೆಗೆದಿದ್ದೇನೆ. ಉಳಿದದ್ದು ಈ ಎರಡೇ.

ಯೂಬ್ಲಾಕ್ ಒರಿಜಿನ್ ಅಂದ ತಕ್ಷಣ ಜನ "ಓ, ಜಾಹೀರಾತು ತಡೆಯೋದು" ಅನ್ನುತ್ತಾರೆ. ಅದು ನಿಜವೇ. ಆದರೆ ನಾನು ಅದನ್ನು ಇಟ್ಟುಕೊಂಡಿರುವುದು ಜಾಹೀರಾತಿನ ಕಿರಿಕಿರಿ ತಪ್ಪಲಿ ಅಂತಲ್ಲ. ಇವತ್ತು ಮೋಸದ ಪುಟಗಳಿಗೆ ಹೋಗುವ ದೊಡ್ಡ ದಾರಿಯೇ ಜಾಹೀರಾತು. ಹೆಸರಾಂತ ಉಚಿತ ತಂತ್ರಾಂಶವೊಂದನ್ನು ಹುಡುಕಿ ನೋಡಿ. ಫಲಿತಾಂಶಗಳ ನೆತ್ತಿಯ ಮೇಲೆ ಕೂರುವುದು ಯಾರೋ ಕಾಸು ಕೊಟ್ಟು ಹಾಕಿಸಿದ ಲಿಂಕ್. ಅದು ಅಸಲಿ ಸೈಟಿನ ಪಡಿಯಚ್ಚಿನಂತೆ ಕಾಣುವ ಪುಟಕ್ಕೆ ಕರೆದೊಯ್ಯಬಹುದು. ಡೌನ್‌ಲೋಡ್ ಬಟನ್ನೂ ಅದೇ ಬಣ್ಣ, ಅದೇ ಜಾಗ. ಒಳಗಿರುವ ಫೈಲ್ ಮಾತ್ರ ಬೇರೆ. ಅಮೆರಿಕದ ಎಫ್‌ಬಿಐ 2022ರ ಡಿಸೆಂಬರ್‌ನಲ್ಲಿ ಇದೇ ವಿಷಯದ ಬಗ್ಗೆ ಎಚ್ಚರಿಕೆ ಕೊಟ್ಟು, ಹುಡುಕುವಾಗ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಬಳಸಿ ಅಂತ ಸಾರ್ವಜನಿಕರಿಗೆ ಹೇಳಿತು. ಜಾಹೀರಾತು ತಡೆಯುವುದನ್ನು ಒಂದು ತನಿಖಾ ಸಂಸ್ಥೆಯೇ ಸುರಕ್ಷತೆಯ ಸಲಹೆಯಾಗಿ ಕೊಟ್ಟಿದೆ ಅಂದರೆ ಅದು ಸಣ್ಣ ಮಾತಲ್ಲ.

ಕೆಲಸ ಮಾಡುವ ರೀತಿ ಸರಳ. ಒಂದು ಪುಟ ತೆರೆದರೆ ಅದು ಹಿನ್ನೆಲೆಯಲ್ಲಿ ಹತ್ತಾರು ಬೇರೆ ವಿಳಾಸಗಳನ್ನು ಕರೆಯುತ್ತದೆ. ಪ್ರತಿ ಕರೆಯೂ ಬ್ರೌಸರ್‌ನಿಂದ ಹೊರಡುವ ಮೊದಲೇ ಯೂಬ್ಲಾಕ್ ತನ್ನ ಪಟ್ಟಿಗಳಿಗೆ ಹೋಲಿಸಿ ನೋಡುತ್ತದೆ. ಹೊಂದಿದರೆ ಆ ಕರೆ ಅಲ್ಲಿಗೇ ನಿಂತಿತು. ಜಾಹೀರಾತಿಗೆ ಈಸಿಲಿಸ್ಟ್, ನೀವು ಯಾವ ಸೈಟ್ ನೋಡುತ್ತೀರಿ ಅಂತ ಹಿಂಬಾಲಿಸುವವರಿಗೆ ಈಸಿಪ್ರೈವಸಿ, ಇವು ಎಲ್ಲರಿಗೂ ಗೊತ್ತಿರುವ ಪಟ್ಟಿಗಳು. ನಮ್ಮ ವಿಷಯಕ್ಕೆ ಮುಖ್ಯವಾದವು ಬೇರೆ ಎರಡು. ಮೊದಲನೆಯದು ಯೂಬ್ಲಾಕ್ ತಂಡದ್ದೇ ಆದ 'ಬ್ಯಾಡ್‌ವೇರ್ ರಿಸ್ಕ್ಸ್'. ಇನ್ನೊಂದು 'ಆನ್‌ಲೈನ್ ಮಲಿಷಿಯಸ್ ಯುಆರ್‌ಎಲ್ ಬ್ಲಾಕ್‌ಲಿಸ್ಟ್'. ಈ ಎರಡನೆಯದಕ್ಕೆ ಮೂಲ ಸ್ವಿಟ್ಜರ್‌ಲೆಂಡ್‌ನ ಅಬ್ಯೂಸ್.ಸಿಎಚ್ ನಡೆಸುವ ಯುಆರ್‌ಎಲ್‌ಹೌಸ್. ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಹಂಚುವ ವಿಳಾಸಗಳನ್ನು ಅಲ್ಲಿ ಜಗತ್ತಿನಾದ್ಯಂತ ಜನ ಸೇರಿಸುತ್ತಿರುತ್ತಾರೆ. ಈ ಎರಡೂ ಪಟ್ಟಿಗಳು ಮೊದಲಿನಿಂದಲೇ ಆನ್ ಆಗಿರುತ್ತವೆ, ನೀವೇನೂ ಮಾಡಬೇಕಿಲ್ಲ.

ನಾನು ಕೈಯಾರೆ ಆನ್ ಮಾಡಿಕೊಂಡಿರುವವೂ ಇವೆ. ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ಪಟ್ಟಿಗಳ ಟ್ಯಾಬ್‌ಗೆ ಹೋದರೆ ಫಿಶಿಂಗ್ (ಅಸಲಿ ಸೈಟಿನ ವೇಷದಲ್ಲಿ ಪಾಸ್‌ವರ್ಡ್ ಕದಿಯುವ ಮೋಸ) ವಿಳಾಸಗಳ ಪಟ್ಟಿ ಸಿಗುತ್ತದೆ. ಅದಕ್ಕೊಂದು ಟಿಕ್. ಹಾಗೆಯೇ, ಹೊರಗಿನ ಸೈಟ್ ನಿಮ್ಮ ಮನೆಯೊಳಗಿನ ನೆಟ್‌ವರ್ಕ್‌ಗೆ ಕೈ ಹಾಕದಂತೆ ತಡೆಯುವ ಪಟ್ಟಿ ಒಂದಿದೆ. ಯಾವುದೋ ವೆಬ್ ಪುಟಕ್ಕೆ ನಿಮ್ಮ ರೂಟರ್‌ನ ವಿಳಾಸವನ್ನು ಕರೆಯುವ ಕೆಲಸ ಏನಿರುತ್ತದೆ? ಏನೂ ಇರುವುದಿಲ್ಲ, ಅಲ್ವಾ? ಅದಕ್ಕೂ ಒಂದು ಟಿಕ್. ಇದಕ್ಕಿಂತ ಜಾಸ್ತಿ ಪಟ್ಟಿಗಳನ್ನು ತುಂಬಿಸಬೇಡಿ. ಸಿಕ್ಕಿದ್ದನ್ನೆಲ್ಲ ಸೇರಿಸಿದರೆ ಒಳ್ಳೆಯ ಸೈಟ್‌ಗಳೂ ಮುರಿಯುತ್ತವೆ. ಆಮೇಲೆ ಜನ ಬೇಸತ್ತು ಎಕ್ಸ್‌ಟೆನ್ಶನ್ ಅನ್ನೇ ಆಫ್ ಮಾಡುತ್ತಾರೆ.

ಇನ್ನು, ಪಟ್ಟಿಯಲ್ಲಿರುವ ಪುಟವನ್ನೇ ನೇರವಾಗಿ ತೆರೆಯಲು ಹೋದರೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಎಕ್ಸ್‌ಟೆನ್ಶನ್‌ನಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಜಾಗ ಇದು. ಪುಟದ ಬದಲು ದೊಡ್ಡ ಎಚ್ಚರಿಕೆ ಗುರುತಿರುವ ಪರದೆ ಬರುತ್ತದೆ. ಯಾವ ವಿಳಾಸ ತಡೆಯಲಾಯಿತು, ಯಾವ ಫಿಲ್ಟರ್ ಸಾಲಿನಿಂದ, ಆ ಸಾಲು ಯಾವ ಪಟ್ಟಿಯಲ್ಲಿದೆ, ಮೂರೂ ಅಲ್ಲಿ ಕಾಣುತ್ತವೆ. ವಿಳಾಸದ ಪಕ್ಕದ ಭೂತಗನ್ನಡಿ ಗುರುತನ್ನು ಒತ್ತಿದರೆ ಅದರ ಬಾಲದಲ್ಲಿರುವ ಭಾಗಗಳು ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತವೆ. ಒಂದು ಲಿಂಕ್ ನಿಮ್ಮನ್ನು ನಡುವೆ ಎಲ್ಲೋ ಸುತ್ತಿಸಿ ಇನ್ನೆಲ್ಲಿಗೋ ಕಳಿಸುವಂಥದ್ದಾದರೆ, ಕೊನೆಯ ಗುರಿ ಯಾವುದು ಅನ್ನುವುದು ಎಷ್ಟೋ ಸಲ ಅಲ್ಲೇ ಓದಲು ಸಿಗುತ್ತದೆ. ಕೆಳಗೆ ಹಿಂದೆ ಹೋಗಲು ಒಂದು ಬಟನ್, ಮುಂದುವರಿಯಲು ಒಂದು ಬಟನ್.

ನಾನು ಪಾಲಿಸುವ ನಿಯಮ ಇಷ್ಟೇ. ತಡೆದದ್ದು ಜಾಹೀರಾತಿನ ಅಥವಾ ಹಿಂಬಾಲಿಸುವವರ ಪಟ್ಟಿಯಿಂದ ಆಗಿದ್ದರೆ, ಅದು ಸುದ್ದಿಪತ್ರದ ಇಮೇಲ್‌ನಲ್ಲಿ ಬರುವ ಕ್ಲಿಕ್ ಎಣಿಸುವ ಲಿಂಕ್ ಇರಬಹುದು. ಕೊನೆಯ ವಿಳಾಸ ನೋಡಿ, ಸರಿ ಅನಿಸಿದರೆ ನೇರವಾಗಿ ಅಲ್ಲಿಗೇ ಹೋಗುತ್ತೇನೆ. ಮಾಲ್‌ವೇರ್, ಬ್ಯಾಡ್‌ವೇರ್, ಫಿಶಿಂಗ್ ಪಟ್ಟಿಗಳ ಹೆಸರು ಕಂಡರೆ ಮಾತೇ ಇಲ್ಲ, ಟ್ಯಾಬ್ ಮುಚ್ಚುತ್ತೇನೆ. ತಡೆದ ಕಾರಣವನ್ನು ಇಷ್ಟು ಬಿಚ್ಚಿ ತೋರಿಸುವ ದುಡ್ಡಿನ ಆ್ಯಂಟಿವೈರಸ್ ಕಡಿಮೆ. ಅವು "ಅಪಾಯ" ಅಂದು ಸುಮ್ಮನಾಗುತ್ತವೆ. ಇಲ್ಲಿ ಯಾರ ಪಟ್ಟಿಯ ಯಾವ ಸಾಲಿನಿಂದ ಅಂತ ನೋಡಬಹುದು. ಆ ಪಟ್ಟಿಯನ್ನೇ ತೆರೆದು ಓದಬಹುದು. ಓಪನ್ ಸೋರ್ಸ್‌ನಿಂದ ಬಳಸುವವರಿಗೆ ಕೈಗೆ ಸಿಗುವ ಲಾಭ ಅಂದರೆ ನನ್ನ ಮಟ್ಟಿಗೆ ಇದು.

ಕ್ರೋಮ್ ಬಳಸುವವರಿಗೆ ಒಂದು ಕಷ್ಟದ ಸುದ್ದಿ ಇದೆ. ಗೂಗಲ್ ತನ್ನ ಎಕ್ಸ್‌ಟೆನ್ಶನ್ ನಿಯಮಗಳನ್ನು ಮ್ಯಾನಿಫೆಸ್ಟ್ ವಿ3 ಎಂಬ ಹೊಸ ಆವೃತ್ತಿಗೆ ಬದಲಿಸಿತು. 2024ರಿಂದ ಹಳೆಯ ಬಗೆಯ ಎಕ್ಸ್‌ಟೆನ್ಶನ್‌ಗಳನ್ನು ಹಂತ ಹಂತವಾಗಿ ಆಫ್ ಮಾಡುತ್ತಾ ಬಂತು. 2025ರಲ್ಲಿ ಯೂಬ್ಲಾಕ್ ಒರಿಜಿನ್ ಕ್ರೋಮ್‌ನಲ್ಲಿ ಪೂರ್ತಿ ನಿಂತೇಹೋಯಿತು. ಈಗ ಅಲ್ಲಿ ಸಿಗುವುದು ಯೂಬ್ಲಾಕ್ ಒರಿಜಿನ್ ಬರೆದ ರೇಮಂಡ್ ಹಿಲ್ ಅವರದೇ ಯೂಬ್ಲಾಕ್ ಒರಿಜಿನ್ ಲೈಟ್. ಜಾಹೀರಾತು ತಡೆಯಲು ಲೈಟ್ ಸಾಕು, ಚೆನ್ನಾಗಿಯೇ ಇದೆ. ಆದರೆ ಸುರಕ್ಷತೆಯ ಲೆಕ್ಕದಲ್ಲಿ ಒಂದು ವ್ಯತ್ಯಾಸ ದೊಡ್ಡದು. ಪೂರ್ಣ ಆವೃತ್ತಿ ತನ್ನ ಪಟ್ಟಿಗಳನ್ನು ತಾನೇ ಆಗಾಗ ಹೊಸದು ಮಾಡಿಕೊಳ್ಳುತ್ತದೆ. ಲೈಟ್‌ನಲ್ಲಿ ಪಟ್ಟಿಗಳು ಎಕ್ಸ್‌ಟೆನ್ಶನ್‌ನ ಒಳಗೇ ಇರುತ್ತವೆ. ಎಕ್ಸ್‌ಟೆನ್ಶನ್ ಅಪ್‌ಡೇಟ್ ಆದಾಗಲೇ ಅವೂ ಹೊಸದಾಗುವುದು. ಈಸಿಲಿಸ್ಟ್ ನಾಲ್ಕು ದಿನ ಹಳೆಯದಾದರೆ ಏನೂ ಮುಳುಗುವುದಿಲ್ಲ. ಫಿಶಿಂಗ್ ಪುಟದ ಕಥೆ ಹಾಗಲ್ಲ. ಅದು ಬೆಳಿಗ್ಗೆ ಹುಟ್ಟಿ ಸಂಜೆಗೆ ಮಾಯವಾಗಬಹುದು. ಅಂಥದ್ದನ್ನು ಹಿಡಿಯಲು ಪಟ್ಟಿ ಬಿಸಿಬಿಸಿಯಾಗಿರಬೇಕು. ಫೈರ್‌ಫಾಕ್ಸ್ ಹಳೆಯ ಬಗೆಯ ತಡೆಯುವ ಶಕ್ತಿಯನ್ನು ಉಳಿಸಿಕೊಂಡಿದೆ, ಆ್ಯಂಡ್ರಾಯ್ಡ್‌ನಲ್ಲೂ ಪೂರ್ಣ ಯೂಬ್ಲಾಕ್ ಓಡಿಸುತ್ತದೆ. ನಾನು ಅಲ್ಲೇ ಉಳಿದಿರುವುದಕ್ಕೆ ಮೊದಲ ಕಾರಣ ಇದೇ.

ಬಿಗಿ ಇನ್ನೂ ಹೆಚ್ಚು ಬೇಕು ಅನ್ನುವವರಿಗೆ ಯೂಬ್ಲಾಕ್‌ನಲ್ಲಿ ಮೀಡಿಯಂ ಮೋಡ್ ಇದೆ. ಬೇರೆ ಡೊಮೇನ್‌ನಿಂದ (ಸೈಟಿನ ವಿಳಾಸದ ಮುಖ್ಯ ಹೆಸರು) ಬರುವ ಸ್ಕ್ರಿಪ್ಟ್ (ಪುಟದಲ್ಲಿ ಓಡುವ ಕೋಡ್) ಮತ್ತು ಫ್ರೇಮ್‌ಗಳನ್ನೆಲ್ಲ (ಪುಟದೊಳಗಿನ ಪುಟ) ಮೊದಲೇ ತಡೆದು, ಬೇಕಾದ ಸೈಟಿಗೆ ಮಾತ್ರ ಒಂದೊಂದಾಗಿ ಬಿಡುವುದು. ಕಂಪ್ಯೂಟರ್‌ನಲ್ಲಿ ನಾನು ಹೀಗೇ ಇಟ್ಟುಕೊಂಡಿದ್ದೇನೆ. ಪಟ್ಟಿಗೆ ಇನ್ನೂ ಸೇರದ ಕೆಟ್ಟ ವಿಳಾಸದಿಂದ ಬರುವ ಸ್ಕ್ರಿಪ್ಟನ್ನೂ ಇದು ತಡೆಯುತ್ತದೆ, ಯಾಕೆಂದರೆ ಇಲ್ಲಿ ಪಟ್ಟಿಯ ಹಂಗೇ ಇಲ್ಲ. ಆದರೆ ಹಣ ಪಾವತಿಯ ಪುಟಗಳಲ್ಲಿ ತಾಳ್ಮೆ ಬೇಕು. ಒಟಿಪಿ ಕೇಳುವ ಚೌಕಟ್ಟು ಬ್ಯಾಂಕಿನ ಡೊಮೇನ್‌ನಿಂದ ಬರುತ್ತದೆ, ಖಾಲಿ ಬಿಳಿ ಡಬ್ಬವಾಗಿ ನಿಂತುಬಿಡುತ್ತದೆ. ಹಣ ಕೊಡುವ ಮೊದಲೇ ಆ ಅಂಗಡಿಯ ಸೈಟಿಗೆ ಅನುಮತಿ ಕೊಟ್ಟಿರಬೇಕು. ತಂದೆತಾಯಿಯ ಕಂಪ್ಯೂಟರ್‌ಗೆ ಈ ಮೋಡ್ ಬೇಡವೇ ಬೇಡ. ಜೋರ್ಜೊ ಮವೋನೆ 2005ರಿಂದ ನಡೆಸುತ್ತಿರುವ ನೋಸ್ಕ್ರಿಪ್ಟ್ ಎಂಬ ಎಕ್ಸ್‌ಟೆನ್ಶನ್ ಇದಕ್ಕಿಂತಲೂ ಬಿಗಿ. ಬಳಸುವವರ ಗುರುತು ಮರೆಸುವ ಟಾರ್ ಬ್ರೌಸರ್‌ನೊಳಗೇ ಅದು ಇದೆ. ದಿನಬಳಕೆಗೆ ನನಗೆ ಮೀಡಿಯಂ ಮೋಡ್ ಸಾಕಾಯಿತು.

ಈಗ ಬಿಟ್‌ವಾರ್ಡನ್. ಪಾಸ್‌ವರ್ಡ್ ಇಟ್ಟುಕೊಳ್ಳುವ ಎಕ್ಸ್‌ಟೆನ್ಶನ್ ಅನ್ನು ಕೆಟ್ಟ ಸೈಟ್‌ಗಳ ವಿಮರ್ಶೆಯಲ್ಲಿ ಯಾಕೆ ಸೇರಿಸಿದ್ದೇನೆ ಅಂದರೆ, ಫಿಶಿಂಗ್ ವಿರುದ್ಧ ನನಗೆ ಗೊತ್ತಿರುವ ಅತ್ಯಂತ ಗಟ್ಟಿ ಕಾವಲು ಅದೇ. ಅದು ಪುಟ ಹೇಗೆ ಕಾಣುತ್ತದೆ ಅಂತ ನೋಡುವುದಿಲ್ಲ. ಡೊಮೇನ್ ಮಾತ್ರ ನೋಡುತ್ತದೆ. 2017ರಲ್ಲಿ ಭದ್ರತಾ ಸಂಶೋಧಕರೊಬ್ಬರು ಪೂರ್ತಿ ಸಿರಿಲಿಕ್ (ರಷ್ಯನ್ ಬರೆಯುವ ಲಿಪಿ) ಅಕ್ಷರಗಳಲ್ಲಿ ಒಂದು ಡೊಮೇನ್ ನೋಂದಾಯಿಸಿ ತೋರಿಸಿದರು. ಬ್ರೌಸರ್‌ನ ಅಡ್ರೆಸ್ ಬಾರ್‌ನಲ್ಲಿ ಅದು ಆ್ಯಪಲ್ ಕಂಪನಿಯ ಸೈಟಿನಂತೆಯೇ ಕಾಣುತ್ತಿತ್ತು. ಕಣ್ಣಿಗೆ ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಪಾಸ್‌ವರ್ಡ್ ಮ್ಯಾನೇಜರ್‌ಗೆ ಮಾತ್ರ ಅದು ಬೇರೆಯೇ ಡೊಮೇನ್.

ಬಳಸುವಾಗ ಇದು ಹೀಗೆ ಕಾಣುತ್ತದೆ: ಲಾಗಿನ್ ಪುಟಕ್ಕೆ ಹೋದಾಗ ಬಿಟ್‌ವಾರ್ಡನ್ ಗುರುತಿನ ಮೇಲೆ ಒಂದು ಪುಟ್ಟ ಸಂಖ್ಯೆ ಬರುತ್ತದೆ, ಈ ಸೈಟಿಗೆ ಇಷ್ಟು ಖಾತೆ ಇವೆ ಅಂತ. ಗೊತ್ತಿರುವ ಸೈಟಿನಲ್ಲಿ ಆ ಸಂಖ್ಯೆ ಬರದಿದ್ದರೆ ನಾನು ಅಲ್ಲೇ ನಿಲ್ಲುತ್ತೇನೆ. ಪಾಸ್‌ವರ್ಡ್ ಕಾಪಿ ಮಾಡಿ ಕೈಯಾರೆ ಅಂಟಿಸುವ ಆಸೆ ಆಗುತ್ತದೆ. ಅದನ್ನು ಮಾಡಲೇಬಾರದು, ಮಾಡಿದರೆ ಈ ಕಾವಲನ್ನು ನಾವೇ ಪಕ್ಕಕ್ಕೆ ಸರಿಸಿದಂತೆ. ಇನ್ನೊಂದು ಸೂಕ್ಷ್ಮ ಇದೆ. ಬಿಟ್‌ವಾರ್ಡನ್ ಮೊದಲಿಗೆ ಮೂಲ ಡೊಮೇನ್ ಹೊಂದಿದರೆ ಸಾಕು ಅನ್ನುತ್ತದೆ, ಅಂದರೆ ಅದರ ಕೆಳಗಿನ ಎಲ್ಲ ಸಬ್‌ಡೊಮೇನ್‌ಗಳಿಗೂ (ಮೂಲ ಹೆಸರಿನ ಮುಂದೆ ಇನ್ನೊಂದು ಪದ ಸೇರಿದ ವಿಳಾಸಗಳು) ಅದೇ ಪಾಸ್‌ವರ್ಡ್ ತೋರಿಸುತ್ತದೆ. ಬ್ಯಾಂಕ್, ಇಮೇಲ್‌ನಂಥ ಖಾತೆಗಳಿಗೆ ಅದನ್ನು 'ಹೋಸ್ಟ್'ಗೆ ಬದಲಿಸಿಕೊಳ್ಳಿ, ಆಗ ಸಬ್‌ಡೊಮೇನ್ ಸೇರಿ ಪೂರ್ತಿ ಹೆಸರು ಹೊಂದಿದರೆ ಮಾತ್ರ ತೋರಿಸುತ್ತದೆ. ಪುಟ ತೆರೆದ ಕೂಡಲೇ ತಾನೇ ತುಂಬಿಸುವ ಆಯ್ಕೆ ಆಫ್ ಆಗಿಯೇ ಇರುತ್ತದೆ. ಹಾಗೇ ಇರಲಿ.

ತೆಗೆದುಹಾಕಿದವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸೈಟ್ ಜೊತೆಗಿನ ಸಂಪರ್ಕವನ್ನು ಬೇರೆಯವರು ಓದಲಾಗದ ಎಚ್‌ಟಿಟಿಪಿಎಸ್‌ಗೆ ಬದಲಿಸುವ ಎಚ್‌ಟಿಟಿಪಿಎಸ್ ಎವೆರಿವೇರ್ 2010ರಿಂದ ಎಷ್ಟೋ ಜನರನ್ನು ಕಾಪಾಡಿತು. 2020ರಲ್ಲಿ ಫೈರ್‌ಫಾಕ್ಸ್ 83ಕ್ಕೆ ಎಚ್‌ಟಿಟಿಪಿಎಸ್ ಮಾತ್ರ ಬಳಸುವ ಮೋಡ್ ಬಂತು, ಬೇರೆ ಬ್ರೌಸರ್‌ಗಳೂ ಹಿಂದೆಯೇ ಬಂದವು. ಕೆಲಸ ಮುಗಿಯಿತೆಂದು, ಅದನ್ನು ನಡೆಸುತ್ತಿದ್ದ ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್‌ಎಫ್ ಅದನ್ನು 2023ರಲ್ಲಿ ನಿಲ್ಲಿಸಿತು. ಅದೇ ಸಂಸ್ಥೆಯ ಪ್ರೈವಸಿ ಬ್ಯಾಡ್ಜರ್ ಒಳ್ಳೆಯದೇ, ಆದರೆ ಅದು ಹಿಂಬಾಲಿಸುವವರ ವಿರುದ್ಧದ್ದು. ಯೂಬ್ಲಾಕ್ ಇರುವ ಕಡೆ ನನಗೆ ಅದರಿಂದ ಹೆಚ್ಚಿನ ಉಪಯೋಗ ಕಾಣಲಿಲ್ಲ.

ಕಡಿಮೆ ಎಕ್ಸ್‌ಟೆನ್ಶನ್ ಇರಲಿ ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಇವು ಕೇಳುವ ಅನುಮತಿ ಏನು ಗೊತ್ತಾ? ನೀವು ತೆರೆಯುವ ಎಲ್ಲ ಸೈಟ್‌ಗಳ ಮಾಹಿತಿ ಓದುವ, ಬದಲಿಸುವ ಅನುಮತಿ. ಓಪನ್ ಸೋರ್ಸ್ ಅಂದ ಮಾತ್ರಕ್ಕೆ ಆ ಅಧಿಕಾರ ಒಳ್ಳೆಯ ಕೈಯಲ್ಲೇ ಉಳಿಯುತ್ತದೆ ಅಂತಿಲ್ಲ. ಬಳಸದ ಟ್ಯಾಬ್‌ಗಳನ್ನು ಮಲಗಿಸುವ ಗ್ರೇಟ್ ಸಸ್ಪೆಂಡರ್ ಓಪನ್ ಸೋರ್ಸ್ ಆಗಿತ್ತು. 20 ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಿದ್ದರು. 2020ರಲ್ಲಿ ಅದನ್ನು ಬರೆದವರು ಅದನ್ನು ಯಾರಿಗೋ ಮಾರಿದರು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಎಂದು ತೆಗೆದುಹಾಕಿತು. ಯೂಬ್ಲಾಕ್‌ನಿಂದಲೇ ಕವಲೊಡೆದ ನ್ಯಾನೋ ಆ್ಯಡ್‌ಬ್ಲಾಕರ್‌ಗೂ 2020ರ ಅಕ್ಟೋಬರ್‌ನಲ್ಲಿ ಇದೇ ಗತಿಯಾಯಿತು. ಹೊಸ ಮಾಲೀಕರು ಸ್ಟೋರ್‌ಗೆ ಹಾಕಿದ ಕೋಡ್ ಬೇರೆ, ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಜನರ ಕಣ್ಣಿಗೆ ಬೀಳುತ್ತಿದ್ದ ಕೋಡ್ ಬೇರೆ. ಅದನ್ನು ಮೊದಲು ಹೊರಗೆಳೆದವರಲ್ಲಿ ರೇಮಂಡ್ ಹಿಲ್ ಒಬ್ಬರು. ಎರಡನ್ನೂ ಹೋಲಿಸಿ ನೋಡಲು ಆಗಿದ್ದು ಕೋಡ್ ತೆರೆದಿತ್ತು ಎಂಬ ಕಾರಣಕ್ಕೆ.

ಹೆಸರನ್ನೂ ನೋಡಿಕೊಳ್ಳಿ. ಬರೀ 'ಯೂಬ್ಲಾಕ್' ಎಂಬುದು ಬೇರೆ (ಇಲ್ಲಿ ನಾನು ಚಿಕ್ಕದಾಗಿ ಯೂಬ್ಲಾಕ್ ಅಂದದ್ದೆಲ್ಲ ಒರಿಜಿನ್ ಬಗ್ಗೆಯೇ). ಹಿಲ್ 2014ರಲ್ಲಿ ಶುರು ಮಾಡಿದ ಆ ಯೋಜನೆಯನ್ನು 2015ರಲ್ಲಿ ಇನ್ನೊಬ್ಬರಿಗೆ ವಹಿಸಿದರು, ಆಮೇಲೆ ತಮ್ಮದೇ ಆವೃತ್ತಿಯನ್ನು 'ಒರಿಜಿನ್' ಎಂದು ಮುಂದುವರಿಸಿದರು. ಹಳೆಯ ಹೆಸರು 2018ರಲ್ಲಿ ಆ್ಯಡ್‌ಬ್ಲಾಕ್ ಎಂಬ ಇನ್ನೊಂದು ಎಕ್ಸ್‌ಟೆನ್ಶನ್‌ನವರ ಪಾಲಾಯಿತು. ಹಾಕಿಕೊಳ್ಳುವಾಗ 'ಒರಿಜಿನ್' ಇದೆಯಾ, ಬರೆದವರ ಹೆಸರು ರೇಮಂಡ್ ಹಿಲ್ ಇದೆಯಾ ನೋಡಿ.

ಇಷ್ಟೆಲ್ಲ ಇದ್ದೂ ತಡೆಯಲಾಗದ್ದು ಇದೆ. ಆ್ಯಪ್‌ಗಳ ಒಳಗೇ ತೆರೆಯುವ ಬ್ರೌಸರ್‌ಗೆ ಯಾವ ಎಕ್ಸ್‌ಟೆನ್ಶನ್ನೂ ತಲುಪುವುದಿಲ್ಲ. ಹಾಗಾಗಿ ಫೋನಿನಲ್ಲಿ ಸಂದೇಶದ ಲಿಂಕ್‌ಗಳು ಫೈರ್‌ಫಾಕ್ಸ್‌ನಲ್ಲೇ ತೆರೆಯುವಂತೆ ಮಾಡಿಕೊಳ್ಳಿ. 2024ರಿಂದ ಹಬ್ಬಿರುವ ಕ್ಲಿಕ್‌ಫಿಕ್ಸ್ ಎಂಬ ಮೋಸ ಇನ್ನೂ ಕೆಟ್ಟದ್ದು. "ನೀವು ಮನುಷ್ಯರೆಂದು ಖಚಿತಪಡಿಸಿ" ಎನ್ನುವ ನಕಲಿ ಚೌಕ ತೋರಿಸಿ, ವಿಂಡೋಸ್ ಮತ್ತು ಆರ್ ಕೀ ಒತ್ತಿ, ಬಂದ ಡಬ್ಬದಲ್ಲಿ ಅಂಟಿಸಿ, ಎಂಟರ್ ಒತ್ತಿ ಅನ್ನುತ್ತಾರೆ. ಅಂಟುವುದು ಆ ಪುಟ ಸದ್ದಿಲ್ಲದೆ ಕಾಪಿ ಮಾಡಿಟ್ಟ, ಮಾಲ್‌ವೇರ್ ಇಳಿಸುವ ಆಜ್ಞೆ. ಪುಟ ಪಟ್ಟಿಯಲ್ಲಿದ್ದರೆ ಯೂಬ್ಲಾಕ್ ತಡೆದೀತು, ಇಲ್ಲದಿದ್ದರೆ ಉಳಿದದ್ದು ನಡೆಯುವುದು ಬ್ರೌಸರ್‌ನ ಹೊರಗೆ. ಯಾವ ಕ್ಯಾಪ್ಚಾವೂ ಹೀಗೆ ಕೇಳುವುದಿಲ್ಲ ಎಂದು ಮನೆಯವರಿಗೆಲ್ಲ ಹೇಳಿಟ್ಟಿರಿ. ಕೆಟ್ಟ ಸೈಟ್‌ಗಳ ಬಗ್ಗೆ ಎಚ್ಚರಿಸುವ, ಬ್ರೌಸರ್‌ನದೇ ಆದ ಸೇಫ್ ಬ್ರೌಸಿಂಗ್ ಅನ್ನೂ ಸುಮ್ನೆ ಆಫ್ ಮಾಡಬೇಡಿ. ಅದು ಹಿಡಿಯುವುದು ಬೇರೆ, ಯೂಬ್ಲಾಕ್ ಹಿಡಿಯುವುದು ಬೇರೆ.

ಹಿಲ್ ಈ ಕೆಲಸಕ್ಕೆ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಕೊಡಬೇಕೆನಿಸಿದರೆ ಪಟ್ಟಿಗಳನ್ನು ನೋಡಿಕೊಳ್ಳುವವರನ್ನು ನೆನೆಯಿರಿ ಎನ್ನುತ್ತಾರೆ. ನಾನು ಕೊಡುವುದು ಸಮಯ. ತಪ್ಪಿಸಿಕೊಂಡ ಕೆಟ್ಟ ಪುಟ ಕಂಡರೆ ಯೂಬ್ಲಾಕ್ ಪಾಪ್‌ಅಪ್‌ನಲ್ಲಿರುವ ಮಾತಿನ ಗುಳ್ಳೆಯ ಗುರುತನ್ನು ಒತ್ತಿ. ತೊಂದರೆಗಳ ಪಟ್ಟಿಯಲ್ಲಿ ಬ್ಯಾಡ್‌ವೇರ್, ಫಿಶಿಂಗ್ ಎಂಬುದನ್ನು ಆರಿಸಿ ಕಳಿಸಿ. ಅದಕ್ಕೊಂದು ಗಿಟ್‌ಹಬ್ ಖಾತೆ ಬೇಕು. ಸೇರಿಸಿದ ಸಾಲು ಮುಂದಿನ ಅಪ್‌ಡೇಟ್‌ನಲ್ಲಿ ಎಲ್ಲರ ಬ್ರೌಸರ್‌ಗೂ ಹೋಗುತ್ತದೆ.