ಹಸಿವೇ ಇಲ್ಲದಾಗ: ಡ್ರೊನಾಬಿನಾಲ್ ಸಾಕಾ, ಮೆಜೆಸ್ಟ್ರಾಲ್ ಬೇಕಾ?

ಏಡ್ಸ್‌ನಿಂದಲೋ ಕ್ಯಾನ್ಸರ್‌ನಿಂದಲೋ ಮೈ ಇಳಿದು, ತಟ್ಟೆ ಕಂಡರೆ ಮುಖ ತಿರುಗಿಸುವವರಿಗೆ ಅಮೆರಿಕದ ಡಾಕ್ಟರುಗಳು ಬರೆದುಕೊಡುವ ಎರಡು ಔಷಧಿಗಳಿವು.

ಡ್ರೊನಾಬಿನಾಲ್ ಅಂದರೆ ಗಾಂಜಾದಲ್ಲಿ ಅಮಲೇರಿಸುವ ಟಿಎಚ್‌ಸಿ ಅನ್ನೋ ಅಂಶವನ್ನೇ ಲ್ಯಾಬಿನಲ್ಲಿ ತಯಾರಿಸಿದ್ದು. ಏಡ್ಸ್ ರೋಗಿಗಳ ಹಸಿವಿಗೆ 1992ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಶುರುವಿಗೆ 2.5 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಊಟಕ್ಕೆ ಒಂದು ಗಂಟೆ ಮುಂಚೆ. ತಲೆ ಸುತ್ತುತ್ತದೆ, ಕೆಲವರಿಗೆ ಅಮಲೂ ಏರುತ್ತದೆ. ವಯಸ್ಸಾದವರು ಎದ್ದು ನಿಲ್ಲುವಾಗ ಜೋಪಾನ. ಮಾರಿನಾಲ್ ಅನ್ನೋ ಬ್ರಾಂಡಿನ ಡ್ರೊನಾಬಿನಾಲ್ ಕ್ಯಾಪ್ಸೂಲಿನೊಳಗೆ ಎಳ್ಳೆಣ್ಣೆ ಇರುತ್ತದೆ. ಎಳ್ಳು ಆಗದವರಿಗೆ ಬೇಡವೇ ಬೇಡ.

ಮೆಜೆಸ್ಟ್ರಾಲ್ ಹಾರ್ಮೋನು ಔಷಧಿ, ಸಿರಪ್ಪಿನಂತೆ ಕುಡಿಯುವುದು. ಹಸಿವಿನ ಮಟ್ಟಿಗೆ ಇದೇ ಜೋರು. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 469 ಕ್ಯಾನ್ಸರ್ ರೋಗಿಗಳಿದ್ದರು. ಹಸಿವು ಹೆಚ್ಚಿತು ಅಂದವರು ಮೆಜೆಸ್ಟ್ರಾಲ್‌ನಲ್ಲಿ 75%, ಡ್ರೊನಾಬಿನಾಲ್‌ನಲ್ಲಿ 49%. ಎರಡನ್ನೂ ಸೇರಿಸಿ ಕೊಟ್ಟರೂ ಜಾಸ್ತಿ ಲಾಭವಾಗಲಿಲ್ಲ. ಆದರೆ ಮೆಜೆಸ್ಟ್ರಾಲ್‌ನಿಂದ ಏರುವ ತೂಕ ಹೆಚ್ಚಾಗಿ ಕೊಬ್ಬು, ಮಾಂಸಖಂಡ ಅಲ್ಲ. ರಕ್ತ ಹೆಪ್ಪುಗಟ್ಟುವ ಭಯವೂ ಇದೆ. ಹಿಂದೆ ಕಾಲಿನಲ್ಲಿ ಹೆಪ್ಪುಗಟ್ಟಿದ್ದವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ನನ್ನನ್ನು ಕೇಳಿದರೆ, ವಾಕರಿಕೆಯೇ ದೊಡ್ಡ ಕಾಟವಾದರೆ, ಅದನ್ನೂ ತಗ್ಗಿಸುವ ಡ್ರೊನಾಬಿನಾಲ್ ವಿಚಾರಿಸಿ. ಬರೀ ಹಸಿವಿನ ಸಮಸ್ಯೆಯಾದರೆ ಮೆಜೆಸ್ಟ್ರಾಲ್. ಸುಮ್ನೆ ಗಾಂಜಾ ಸೇದಿದರಾಯಿತು ಅನ್ನುವವರಿದ್ದಾರೆ; ಎಷ್ಟು ಒಳಗೆ ಹೋಯಿತು ಅಂತ ಅಳೆಯೋದು ಹೇಗೆ ಅಲ್ವಾ?

ಅಂದಹಾಗೆ, ಮೂರನೆಯದೂ ಒಂದಿದೆ: ಮಾನಸಿಕ ಕಾಯಿಲೆಗೆ ಕೊಡುವ ಒಲಾಂಜಪೈನ್. ಪುದುಚೇರಿಯ ಜಿಪ್ಮರ್ ಆಸ್ಪತ್ರೆ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೀಮೋ ಜೊತೆ ದಿನಕ್ಕೆ 2.5 ಮಿಲಿಗ್ರಾಂ ಕೊಟ್ಟಾಗ ಹಸಿವೂ ತೂಕವೂ ಏರಿದವು. ನಮ್ಮಲ್ಲಿ ಅಗ್ಗವಾಗಿ ಸಿಗುವ ಹಳೇ ಮಾತ್ರೆ, ಡಾಕ್ಟರ ಚೀಟಿ ಬೇಕು.