ಡಾಂಬರೋ, ಕಾಂಕ್ರೀಟೋ? ಊರಿನ ರಸ್ತೆಗೆ ಯಾವುದು ಕೇಳಬೇಕು

ಮೊದಲು ನಿಮ್ಮೂರಿನ ಮಳೆ ನೋಡಿ. ಡಾಂಬರಿಗೆ ನೀರೇ ಶತ್ರು. ಬಿರುಕಿನೊಳಗೆ ಇಳಿದ ನೀರು ಜಲ್ಲಿ ಮತ್ತು ಡಾಂಬರಿನ ನಡುವಿನ ಅಂಟು ಬಿಡಿಸುತ್ತದೆ, ಮೇಲೆ ಲಾರಿ ಹೋದಾಗಲೆಲ್ಲ ಜಲ್ಲಿ ಒಂದೊಂದೇ ಎದ್ದು ಬರುತ್ತದೆ, ಕೂದಲೆಳೆಯಷ್ಟಿದ್ದ ಬಿರುಕು ಮಳೆಗಾಲ ಮುಗಿಯುವಷ್ಟರಲ್ಲಿ ಬೈಕಿನ ಚಕ್ರ ಇಳಿಯುವ ಗುಂಡಿಯಾಗಿರುತ್ತದೆ. ಶಿರಾಡಿ ಘಾಟಿಯಲ್ಲಿ ವರ್ಷ ವರ್ಷವೂ ಇದೇ ಗೋಳು. ಕೊನೆಗೆ ಅಲ್ಲಿ ಎರಡು ಹಂತದಲ್ಲಿ ಕಾಂಕ್ರೀಟ್ ಹಾಕಿದರು.

ಕಾಂಕ್ರೀಟ್ ರಸ್ತೆಯನ್ನು ಸಾಮಾನ್ಯವಾಗಿ 30 ವರ್ಷದ ಲೆಕ್ಕದಲ್ಲಿ ವಿನ್ಯಾಸ ಮಾಡುತ್ತಾರೆ, ಡಾಂಬರಿಗೆ 15ರಿಂದ 20. ಆದರೆ ಕಾಂಕ್ರೀಟಿಗೆ ಶುರುವಿನ ಖರ್ಚು ಜಾಸ್ತಿ, ಕ್ಯೂರಿಂಗ್ (ನೀರುಣಿಸಿ ಗಟ್ಟಿಯಾಗಲು ಬಿಡುವುದು) ಮುಗಿಯುವವರೆಗೆ ವಾರಗಟ್ಟಲೆ ರಸ್ತೆ ಬಂದ್. ಡಾಂಬರಾದರೆ ತಣ್ಣಗಾದ ಮೇಲೆ ಅದೇ ದಿನ ಓಡಾಡಬಹುದು. ಇನ್ನೂ ಯುಜಿಡಿ (ನೆಲದಡಿಯ ಒಳಚರಂಡಿ), ನೀರಿನ ಪೈಪ್ ಹಾಕದ ಬೀದಿಗೆ ಕಾಂಕ್ರೀಟ್ ಬೇಡವೇ ಬೇಡ. ಅಗೆದ ಮೇಲೆ ಹಾಕುವ ತೇಪೆ ಮೊದಲಿನಂತೆ ಕೂರುವುದು ಕಷ್ಟ.

ಸುರಕ್ಷತೆ ವಿಷಯಕ್ಕೆ ಬಂದರೆ, ಕಾಂಕ್ರೀಟ್ ತಿಳಿ ಬಣ್ಣದ್ದು, ರಾತ್ರಿ ರಸ್ತೆ ಚೆನ್ನಾಗಿ ಕಾಣುತ್ತದೆ. ಆದರೆ ಬಿಳಿ ಪಟ್ಟಿ ಮಾತ್ರ ಕಪ್ಪು ಡಾಂಬರಿನ ಮೇಲೇ ಎದ್ದು ಕಾಣೋದು. ಕಾಂಕ್ರೀಟಿನ ಮೇಲ್ಮೈಯಲ್ಲಿ ಸಣ್ಣ ಗೆರೆಗಳು ಇರಲೇಬೇಕು, ಸುಮ್ನೆ ನುಣ್ಣಗೆ ಉಜ್ಜಿ ಬಿಟ್ಟರೆ ಮಳೆಯಲ್ಲಿ ಜಾರುತ್ತದೆ. ನನಗೆ ತುಂಬ ಭಯ ಹುಟ್ಟಿಸುವುದು ಅದರ ಅಂಚು. ರಸ್ತೆ ಒಂದು ಗೇಣು ಎತ್ತರ, ಪಕ್ಕದ ಮಣ್ಣು ತಗ್ಗು, ಎದುರಿನಿಂದ ಬಸ್ ಬಂತೆಂದು ಸ್ಕೂಟರ್ ಪಕ್ಕಕ್ಕೆ ಇಳಿಸಿದರೆ ಬಿದ್ದೇ ಹೋಗುತ್ತಾರೆ.

ಮಲೆನಾಡು, ಕರಾವಳಿ, ಲಾರಿ ಜಾಸ್ತಿ ಓಡುವ ದಾರಿಯಾದರೆ ಕಾಂಕ್ರೀಟನ್ನೇ ಕೇಳಿ. ಬಯಲುಸೀಮೆಯ ಒಳರಸ್ತೆಗೆ ಡಾಂಬರು ಸಾಕು. ಯಾವುದೇ ಆದರೂ ಎಸ್ಟಿಮೇಟಿನಲ್ಲಿ ಚರಂಡಿಯೂ ಅಂಚಿಗೆ ಮಣ್ಣು ತುಂಬಿಸುವ ಕೆಲಸವೂ ಸೇರಿದೆಯಾ ಅಂತ ಓದಿ ನೋಡಿಯೇ ಒಪ್ಪಿಕೊಳ್ಳಿ.